ಅಮ್ಮಣ್ಣಿಯ ಸೆರಗಿನ ಗಂಟು

ರಾತ್ರಿ ಒಂದೂ ಇಪ್ಪತ್ತಕ್ಕೆ ಬನಶಂಕರಿಯ ಪೆಟ್ರೋಲ್ ಬಂಕಿನಲ್ಲಿ ವಿಭಾಳ ಸೈಕಲ್ ಸವಾರಿಯ ಕಾರ್ಡಿಗೆ ಹೊತ್ತಿನ ಮುದ್ರೆ ಬಿತ್ತು. ಶನಿವಾರ ಬೆಳಗಿನ ಐದಕ್ಕೆ ಸೈಕಲ್ ಹತ್ತಿದವಳು ಕೊಳ್ಳೇಗಾಲ ದಾಟಿ ಹೋಗಿ ವಾಪಸ್ ಬಂದಿದ್ದಳು. ಮುನ್ನೂರ ಹತ್ತು ಕಿಲೋಮೀಟರ್ ಆಗಿತ್ತು. ನಾನೂರು ಮುಗಿಯಬೇಕು, ಅದೂ ಭಾನುವಾರ ಬೆಳಗ್ಗೆ ಎಂಟರೊಳಗೆ. ಉಳಿದ ತೊಂಬತ್ತು ಗೊಟ್ಟಿಗೆರೆ ಮೇಲೆ ಆನೇಕಲ್ ದಾಟಿ ಇದೇ ಬಂಕಿಗೆ ಮರಳುವ ದಾರಿ.

ಆ ದಾರಿ ಗೊತ್ತುಮಾಡಿದ ಪುಣ್ಯಾತ್ಮ ಯಾರೋ, ಜಯನಗರ ಎಂಟನೇ ಬ್ಲಾಕಿನಲ್ಲಿ ಅವಳ ಮನೆ ರಸ್ತೆಯ ಮುಂದೆಯೇ ಹಾಯಿಸಿದ್ದ. ಹಿಂದಿನ ಎರಡು ಸಲವೂ ಅವಳು ಕೆಟ್ಟದ್ದು ಅಲ್ಲೇ. ಐದೇ ನಿಮಿಷ ಕಾಲು ಚಾಚಿ ಹೋಗ್ತೀನಿ ಅಂತ ಒಳಗೆ ಹೋದವಳನ್ನು ಗಂಡ ಭಾರ್ಗವ ಬಿಸಿನೀರು, ಸಾರನ್ನ, ಹೊದಿಕೆ ಅಂತ ಉಪಚಾರ ಮಾಡಿ ಮಲಗಿಸಿಬಿಟ್ಟಿದ್ದ. ಒಳ್ಳೆಯವನು, ಪಾಪ. ಅವನ ಒಳ್ಳೆಯತನಕ್ಕಿಷ್ಟು ಬೆಂಕಿ ಹಾಕ! ಎದ್ದಾಗ ಎರಡು ಸಲವೂ ಒಂಬತ್ತು ಹೊಡೆದಿತ್ತು. ಎರಡನೆಯ ಸಲ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು. ಈ ಸಲವೂ ಆಗದಿದ್ದರೆ ಸೈಕಲ್ ಮಾರಿಬಿಡುವುದೆಂದು ಗಟ್ಟಿ ಮಾಡಿಕೊಂಡಿದ್ದಳು. ನಲವತ್ತಾರು ವರ್ಷಕ್ಕೆ ತನ್ನದು ಅಂತ ಅವಳಿಗಿದ್ದ ಹುಚ್ಚು ಅದೊಂದೇ.

ಅದಕ್ಕೇ ಶುಕ್ರವಾರ ಊಟದ ಹೊತ್ತಿಗೆ ಹೇಳಿದ್ದಳು, "ನಾನು ಬಂದು ಕಾಲಿಗೆ ಬಿದ್ರೂ ಗೇಟ್ ತೆಗೀಬೇಡಿ." ಭಾರ್ಗವ ನಕ್ಕಿದ್ದ. ಎಪ್ಪತ್ತೆಂಟರ ಅತ್ತೆ ಅಮ್ಮಣ್ಣಿ ಮಜ್ಜಿಗೆ ಅನ್ನ ಕಲೆಸುತ್ತ "ಹೂಂ" ಅಂದಿದ್ದರು, ಅಷ್ಟೇ.

ಬಂಕಿನಿಂದ ಹೊರಟ ಮೇಲೆ ಮನಸ್ಸು ಒಂದು ಕಡೆ ನಿಲ್ಲಲೊಲ್ಲದು. ಹಿಂದಿನ ಚಕ್ರ ಉಜ್ಜುತ್ತಿದೆಯೇ ಅಂತ ಬಗ್ಗಿ ನೋಡಿದಳು, ಇಲ್ಲ. ಗಡಿಯಾರ ನೋಡಿದಳು, ಒಂದೂ ಇಪ್ಪತ್ತೆಂಟು. ತಿರುವು ದಾಟಿ ಮತ್ತೆ ನೋಡಿದಳು, ಇನ್ನೂ ಇಪ್ಪತ್ತೆಂಟೇ! ಕೈ ಜೋಮು ಹಿಡಿದಿತ್ತು, ಕೂತಲ್ಲಿ ಉರಿ. ಬೀದಿನಾಯಿಯೊಂದು ಅಟ್ಟಿಸಿಕೊಂಡು ಬಂದು, ಇವಳ ಅವತಾರ ನೋಡಿ ಏನನ್ನಿಸಿತೋ, ಸುಮ್ಮನೆ ಹಿಂದೆ ಸರಿಯಿತು. ನೇರ ಹೋಗೇ, ನೇರ ಹೋಗು, ಅಂತ ತನ್ನನ್ನೇ ಗದರಿಕೊಂಡಳು. ಮನೆ ರಸ್ತೆ ಬಂದೇ ಬಂತು. ಹ್ಯಾಂಡಲ್ ತಾನಾಗಿ ತಿರುಗಿತು ಅಂತ ಆಮೇಲೆ ಹೇಳಿಕೊಂಡಳು. ಸುಳ್ಳು, ತಿರುಗಿಸಿದ್ದು ಅವಳೇ.

ಗೇಟಿಗೆ ಬೀಗ. ಒಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಶಾಲು ಹೊದ್ದು ಅಮ್ಮಣ್ಣಿ ಕೂತಿದ್ದರು. ಅವರ ಬೆನ್ನ ಹಿಂದೆ ಭಾರ್ಗವ.

"ಅತ್ತೆ, ತೆಗೀರಿ. ಆಗಲ್ಲ ನನ್ನ ಕೈಲಿ."

"ಕೀ ಕೊಡಮ್ಮ," ಅಂದ ಭಾರ್ಗವ. "ನೋಡು, ಹೇಗೆ ನಡುಗ್ತಿದಾಳೆ."

ಅಮ್ಮಣ್ಣಿ ಸೆರಗಿನ ತುದಿಯ ಗಂಟನ್ನು ಮುಷ್ಟಿಯಲ್ಲಿ ಹಿಡಿದರು. "ನೀನು ಒಳಗೆ ನಡಿಯೋ."

"ಒಂದು ಲೋಟ ಕಾಫಿನಾದ್ರೂ ಕೊಡಿ!"

"ಮುದ್ರೆ ಹಾಕೋ ಜಾಗ ಬಿಟ್ಟು ಬೇರೆಲ್ಲೂ ಮನೆಯವರ ಕೈಯಿಂದ ಏನೂ ಇಸ್ಕೋಬಾರ್ದು ಅಂತ ನೀನೇ ತಾನೆ ಹೇಳಿದ್ದು?"

ವಿಭಾಳಿಗೆ ರೇಗಿಹೋಯಿತು. ಗೇಟಿಗೆ ಬಡಿದಳು. "ನೀವೇನು ಮನುಷ್ಯರಾ?" ಇಪ್ಪತ್ತೆರಡು ವರ್ಷದಲ್ಲಿ ಅತ್ತೆಗೆ ಒಂದು ದಿನವೂ ಹೀಗೆ ಎದುರು ಮಾತಾಡಿದವಳಲ್ಲ. ಎದುರು ಮನೆಯಲ್ಲಿ ದೀಪ ಹತ್ತಿತು.

ಅಮ್ಮಣ್ಣಿ ಎದ್ದು ಗೇಟಿನ ಹತ್ತಿರ ಬಂದರು. "ನನ್ನ ಬಿ.ಎ. ಕೊನೇ ಪರೀಕ್ಷೆ ದಿನ ಹೆದರಿಕೊಂಡು ಅರ್ಧ ದಾರಿಯಿಂದ ವಾಪಸ್ ಬಂದ್ಬಿಟ್ಟೆ. ನಮ್ಮಮ್ಮ ಬಾಗಿಲು ತೆಗೆದು, ಅಳಬೇಡ ಕಂದ ಅಂತ ಹಾಲು ಕೊಟ್ಟು ಮಲಗಿಸಿದ್ಲು. ಐವತ್ತೆಂಟು ವರ್ಷ ಆಯ್ತು. ಆ ಬಾಗಿಲು ಅವಳು ತೆಗೀಬಾರ್ದಿತ್ತು ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತೆ ಕಣೆ. ನಡಿ, ಹೊತ್ತಾಯ್ತು."

ವಿಭಾ ಗ್ಲೌಸಿನಲ್ಲೇ ಮೂಗೊರೆಸಿಕೊಂಡು ಸೈಕಲ್ ತಿರುಗಿಸಿದಳು.

ಗೊಟ್ಟಿಗೆರೆವರೆಗೂ ಅತ್ತೆಯನ್ನು ಬಾಯಿಬಿಟ್ಟು ಬೈದಳು. ಆಮೇಲೆ ಬೈಯಲು ಉಸಿರೇ ಇರಲಿಲ್ಲ. ಆನೇಕಲ್ ಹತ್ತಿರ ವಾಂತಿಯಾಯಿತು. ಒಂದು ಮೋರಿಕಟ್ಟೆಯ ಮೇಲೆ ಮೂರು ಸಲ ಕೂತಳು, ಮೂರು ಸಲವೂ ಎದ್ದಳು. ಬಂಕಿನಲ್ಲಿ ಕೊನೆಯ ಮುದ್ರೆ ಬಿದ್ದಾಗ ಏಳೂ ನಲವತ್ತಾರು. ಮುದ್ರೆ ಒತ್ತಿದ ಮನು "ಸಖತ್, ಮೇಡಂ!" ಅಂದದ್ದು ಅವಳ ಕಿವಿಗೆ ಬೀಳಲೇ ಇಲ್ಲ.

ಮನೆಗೆ ಬಂದರೆ ಗೇಟಿಗೆ ಇನ್ನೂ ಬೀಗ. ಹಾಲಿನ ಪ್ಯಾಕೆಟ್, ಪೇಪರ್ ಹೊರಗೇ ಬಿದ್ದಿದ್ದವು. ಕಾಫಿಯಿಲ್ಲದೆ ಭಾರ್ಗವ ಒಳಗೆ ಶತಪಥ ಹಾಕುತ್ತಿದ್ದ. ಅಮ್ಮಣ್ಣಿ ಅದೇ ಕುರ್ಚಿಯಲ್ಲಿ.

"ಮೊದಲು ಕಾರ್ಡ್ ತೋರ್ಸು."

ಸರಳಿನ ಸಂದಿಯಿಂದ ಕೊಟ್ಟಳು. ಅಮ್ಮಣ್ಣಿ ಕನ್ನಡಕ ಏರಿಸಿ, ಒಂದೊಂದು ಮುದ್ರೆಯ ಮೇಲೂ ಬೆರಳಿಟ್ಟು ಓದಿದರು.

"ರಾತ್ರಿ ಒಂದೂವರೆಗೆ ಇಲ್ಲಿಗೆ ಬಂದಿದ್ದು ಇದರಲ್ಲಿಲ್ಲ?"

"ಇಲ್ಲ, ಅತ್ತೆ."

"ಹೂಂ."

ಸೆರಗಿನ ಗಂಟಿಗೆ ಕೈ ಹಾಕಿದರು. ರಾತ್ರಿಯಿಡೀ ಹಿಡಿದೂ ಹಿಡಿದೂ ಅದು ಕಲ್ಲಾಗಿತ್ತು. ಬಿಚ್ಚಲಾಗಲಿಲ್ಲ. ವಿಭಾ ಸರಳಿನೊಳಗೆ ಎರಡೂ ಕೈ ತೂರಿಸಿ, ಜೋಮು ಹಿಡಿದ ತನ್ನ ಬೆರಳುಗಳಿಂದ ಅವರ ಜೊತೆಯೇ ಗಂಟು ಸಡಿಲಿಸತೊಡಗಿದಳು.