ತಪ್ಪು ನಂಬರಿನ ಮಗಳು

ಟೈಲರ್ ಹೊಸ ಸಿಮ್ ಹಾಕಿಸಿಕೊಂಡ ವಾರಕ್ಕೇ ಯಾವುದೋ ಶಾಲೆಯಿಂದ ಮೆಸೇಜು ಬಂತು: 'ನಿಮ್ಮ ಮಗಳು ಇಂದು ತರಗತಿಗೆ ಬಂದಿಲ್ಲ.' ಇವನದು ಮಕ್ಕಳಿಲ್ಲದ ಮನೆ. ಆ ನಂಬರು ಮೊದಲು ಯಾವ ಹುಡುಗಿಯ ಅಪ್ಪನದಾಗಿತ್ತೋ ಏನೋ.

"ನಂಬರ್ ತಪ್ಪಾಗಿದೆ ಅಂತ ಶಾಲೆಗೆ ಒಂದು ಮಾತು ಹೇಳ್ಬಿಡಿ," ಎಂದಳು ಹೆಂಡತಿ.

"ಹೇಳೋಣ ಬಿಡೇ. ಇದ್ರಲ್ಲಿ ಯಾರಪ್ಪನ ಗಂಟು ಹೋಗುತ್ತೆ?"

ಹಾಗೆಂದು ಎರಡು ವರ್ಷವಾಯಿತು. ಶಾಲೆಯವರೂ ಕಳಿಸಿದ್ದೇ ಕಳಿಸಿದ್ದು. ತಲುಪಿತೇ ಎಂದು ಒಬ್ಬರಾದರೂ ಕೇಳಬೇಡವೇ? ಗಣಿತದಲ್ಲಿ ಮೂವತ್ತೆಂಟು ಬಂದ ದಿನ ಇವನು ಕತ್ತರಿ ಕೆಳಗಿಟ್ಟು ಮುಖ ಸಪ್ಪೆ ಮಾಡಿಕೊಂಡ. ಓಟದಲ್ಲಿ ಮೊದಲು ಬಂದಾಗ "ನಮ್ಮ ಹುಡುಗಿ" ಎಂದು ಗಿರಾಕಿಗಳ ಮುಂದೆಲ್ಲ ಕೊಚ್ಚಿಕೊಂಡ.

ಇವತ್ತು ಗುಂಡಿ ಹೊಲಿಯುತ್ತಿದ್ದಾಗ ಮತ್ತೊಂದು ಬಂತು: 'ಪ್ರಯೋಗಾಲಯದಲ್ಲಿ ಬೆಂಕಿ ಅನಾಹುತ. ನಿಮ್ಮ ಮಗಳಿಗೆ ಗಾಯವಾಗಿದೆ. ತಕ್ಷಣ ದೊಡ್ಡಾಸ್ಪತ್ರೆಗೆ ಬನ್ನಿ.'

ಶಾಲೆಗೆ ಹತ್ತು ಸಲ ಫೋನ್ ಮಾಡಿದರೂ ಲೈನು ಸಿಗಲಿಲ್ಲ. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿರುವಂತೆಯೇ ಆಸ್ಪತ್ರೆಗೆ ಓಡಿದ.

ವಾರ್ಡಿನ ಬಾಗಿಲಲ್ಲಿ ಟೀಚರಮ್ಮ ಒಬ್ಬರೇ ನಿಂತಿದ್ದರು. ಅವನು ಮೊಬೈಲು ತೋರಿಸಿದ. ಅವರು ಮೆಸೇಜು ಓದಿ ಕಣ್ಣೊರೆಸಿಕೊಂಡರು.

"ಈಗ ಬಂದ್ರಾ? ಕಣ್ಣು ಮುಚ್ಚೋವರೆಗೂ 'ಅಪ್ಪಂಗೆ ಹೇಳಿದ್ರಾ ಮಿಸ್' ಅಂತ ಕೇಳ್ತಾನೇ ಇದ್ಲು. 'ಮೆಸೇಜ್ ಹೋಗಿದೆ ಕಣಮ್ಮಾ, ಅಪ್ಪ ಬರ್ತಿದಾರೆ' ಅಂತ ನಾನೂ ಹೇಳ್ತಾನೇ ಇದ್ದೆ."

ಎರಡು ವರ್ಷದಿಂದ ಬಾಯಲ್ಲೇ ಉಳಿದಿದ್ದ ಮಾತು ಆಗ ಹೊರಗೆ ಬಂತು.

"ನಂಬರ್ ತಪ್ಪಾಗಿದೆ, ಮೇಡಮ್."