ಮೂಕ ಅಕ್ಷರ

“ಎಚ್ ಇರೋದನ್ನೇ ಕಟ್ಟಯ್ಯ,” ಎಂದರು ಎಲಿಯೊದೊರೊ ಮೇಷ್ಟ್ರು, ಗಾಜಿನ ಕಟ್ಟೆಯ ಮೇಲೆ ಬೆರಳು ಕುಟ್ಟುತ್ತ. “ಇದರಲ್ಲಿ ಯೋಚನೆ ಮಾಡೋಕೆ ಏನಿದೆ?”

ಕಟ್ಟೆಯ ಮೇಲೆ ಎರಡು ಲ್ಯಾಪ್‌ಟಾಪ್‌ಗಳು ಬಾಯಿ ತೆರೆದು ಕೂತಿದ್ದವು. ಒಂದೇ ಬಣ್ಣ, ಒಂದೇ ಗಾತ್ರ. ಮುಂದಿಟ್ಟ ಚೀಟಿಗಳಲ್ಲಿ ಪ್ರೊಸೆಸರ್‌ನ ಹೆಸರೂ ಒಂದೇ, ಅಂಕಿಗಳ ಸಾಲೂ ಒಂದೇ. ಸಾಲಿನ ಕೊನೆಯಲ್ಲಿ ಮಾತ್ರ ಒಂದಕ್ಕೆ ಯು, ಇನ್ನೊಂದಕ್ಕೆ ಎಚ್. ನಮ್ಮ ಲಿಮಾದ ವಿಲ್ಸನ್ ಬೀದಿಯಲ್ಲಿ ಇಂಥ ಅಂಗಡಿಗಳು ಎಷ್ಟಿವೆಯೆಂದರೆ, ಪ್ರತಿಯೊಂದಕ್ಕೂ ಹೊಕ್ಕು ಬರಿ ನಮಸ್ಕಾರ ಹೇಳಿ ಹೊರಬೀಳುವಷ್ಟರಲ್ಲಿ ಗಡ್ಡ ನೆರೆತಿರುತ್ತದೆ. ಅಷ್ಟೂ ಅಂಗಡಿಗಳಲ್ಲಿ ಪರ್ಸಿಯಂಥ ಮಾತುಗಾರ ಇನ್ನೊಬ್ಬನಿಲ್ಲ. ಹೆಣಕ್ಕೂ ಇಯರ್‌ಫೋನ್ ಮಾರಬಲ್ಲವನು. ಅಂಥವನ ಮಾತೂ ಆ ದಿನ ಅರ್ಧಕ್ಕೇ ನಿಂತಿತು.

“ಒಂದ್ನಿಮಿಷ ಮೇಷ್ಟ್ರೇ. ಏನು ಕೆಲಸಕ್ಕೆ ಅಂತ ಹೇಳಿ ಮೊದಲು.”

“ಸದ್ದಿಲ್ಲದ ಕೆಲಸಕ್ಕೆ.”

ಪಕ್ಕದಲ್ಲೇ ನಿಂತಿದ್ದ ಅವರ ಮಗಳು ಎರ್ಮಿನಿಯ, ಬೆಟ್ಟದೂರು ಕುಸ್ಕೊದ ಒಂದು ಹೋಟೆಲಿನ ಕರೆಗಳಿಗೆ ಮನೆಯಿಂದಲೇ ಉತ್ತರಿಸುವ ಕೆಲಸಕ್ಕೆ ಹೊಸದಾಗಿ ಸೇರಿದ್ದಳು. ಇನ್ನೂ ಪರೀಕ್ಷೆಯ ತಿಂಗಳು. ಕರೆ ಮಾಡಿದವರ ಕಿವಿಗೆ ಕೋಳಿ, ಕುಕ್ಕರ್, ಬೀದಿಜಗಳ ಯಾವುದೂ ಬೀಳಕೂಡದು. ಬಿದ್ದರೆ ಕೆಲಸ ಹೋದಂತೆ. ಮನೆಯ ಹಳೆಯ ಕಂಪ್ಯೂಟರ್ ಹೊಗೆ ಕಕ್ಕಿ ಸತ್ತಿತ್ತು. ಮೇಷ್ಟ್ರು ಮುಂದಿನ ಹಲ್ಲು ಕಟ್ಟಿಸಲೆಂದು ಇಟ್ಟುಕೊಂಡಿದ್ದ ಹಣವನ್ನು ಜೇಬಿಗಿಳಿಸಿ ಬಂದಿದ್ದರು.

“ಸದ್ದು ಇರಬಾರದು ಅಂದ್ರೆ...” ಪರ್ಸಿ ಯು ಇದ್ದ ಲ್ಯಾಪ್‌ಟಾಪಿನ ಕಡೆ ಕೈ ಚಾಚಿದ.

“ನನಗೇ ಅಕ್ಷರ ಕಲಿಸ್ತೀಯೇನೋ?” ಮೇಷ್ಟ್ರ ದನಿ ತರಗತಿಯ ದನಿಯಾಯಿತು. “ನಮ್ಮ ಭಾಷೇಲಿ ಎಚ್ ಮೂಕ ಅಕ್ಷರ. ಬರೀಬೇಕು, ಅನ್ನಬಾರದು. ಹೋಟೆಲ್ ಅಂತ ಬರೆದು ಏನಂತ ಓದ್ತೀಯಾ?”

“ಓಟೆಲ್.”

“ನನ್ನ ಹೆಸರು ಬರೆಯೋದು ಯಾವ ಅಕ್ಷರದಿಂದ?”

“ಎಚ್ಚೇ ಮೇಷ್ಟ್ರೇ.”

“ಅದನ್ನ ಯಾರಾದ್ರೂ ಕೂಗಿದ್ದು ಕೇಳಿದ್ಯಾ? ನನ್ನ ಮಗಳ ಹೆಸರಲ್ಲೂ ಅದೇ. ಸದ್ದಿಲ್ಲದೆ ಬಂದು ಸದ್ದಿಲ್ಲದೆ ಕೂತಿರುತ್ತೆ. ಈ ಯು ಇದೆಯಲ್ಲ, ಊ... ಅಂತ ಊಳಿಡುತ್ತೆ. ನಾಯಿ, ಗೂಬೆ, ಪೊಲೀಸ್ ಗಾಡಿ, ಎಲ್ಲಾ ಕೂಗೋದು ಅದನ್ನೇ. ಮಷೀನು ಮಾಡಿದೋರೇನು ದಡ್ಡರಾ? ಯೋಚಿಸಿಯೇ ಅಕ್ಷರ ಇಟ್ಟಿರ್ತಾರೆ.”

ಎದುರಾಡುವವರು ಯಾರು? ಅವರಿರುವ ಬ್ರೆನ್ಯ ಬಡಾವಣೆಯ ಅರ್ಧ ಜನ, ಪರ್ಸಿಯೂ ಸೇರಿ, ಎಚ್ ಬಿಟ್ಟು ಬರೆದು ಈ ಮೇಷ್ಟ್ರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರು. ಉಳಿದರ್ಧ ಜನ ಅವರ ಮಕ್ಕಳು, ಹುಟ್ಟುವಾಗಲೇ ಉದ್ದ ಕಿವಿಯವರು.

ನಿಜ ಮಾತ್ರ ತಿರುವುಮುರುವಾಗಿತ್ತು. ಯು ಎಂದರೆ ಕಡಿಮೆ ಉಂಡು, ಕಡಿಮೆ ಬೆವರಿ, ದಿನದ ಕೆಲಸವನ್ನು ತೆಪ್ಪಗೆ ಮುಗಿಸುವ ಸಾಧು. ಎಚ್ ಎಂದರೆ ಜಟ್ಟಿ. ಕಂಪ್ಯೂಟರ್ ಆಟಕ್ಕೆ ಬೇಕಾದ ಬಲವೆಲ್ಲ ಅದರದೇ. ಆದರೆ ಮೈ ಕಾದರೆ ಒಳಗಿನ ಫ್ಯಾನು ಬುಸುಗುಟ್ಟಲು ಶುರು. ಎರ್ಮಿನಿಯಳಿಗೆ ಇದು ಪರ್ಸಿಗಿಂತ ಚೆನ್ನಾಗಿ ಗೊತ್ತಿತ್ತು. ಬಡಾವಣೆಯ ಇಂಟರ್ನೆಟ್ ಅಂಗಡಿಯಲ್ಲಿ ಅವಳೂ ಅವಳ ಗೆಳತಿಯರೂ ಕಟ್ಟಿದ ಆಟದ ತಂಡವನ್ನು ಸೋಲಿಸುವವರು ದಕ್ಷಿಣ ಅಮೆರಿಕದಲ್ಲೇ ಹುಟ್ಟಿರಲಿಲ್ಲ. ಅವಳು ಒತ್ತಿದ ಕೀಲಿಗಳ ಮೇಲೆ ಅಕ್ಷರ ಉಳಿಯುತ್ತಿರಲಿಲ್ಲ. ಹಿಂದಿನ ವಾರ ಒಬ್ಬಳೇ ಇದೇ ಅಂಗಡಿಗೆ ಬಂದು, ಇದೇ ಎಚ್ ಮಷೀನಿನಲ್ಲಿ ಆಟ ಹಾಕಿ ನೋಡಿ, ಏಳಲಾರದೆ ಎದ್ದು ಹೋಗಿದ್ದಳು.

ಆದರೂ ಈ ದಿನ ಬಸ್ಸಿನಲ್ಲಿ ಬರುವಾಗ, ‘ಯು ಸಾಕಪ್ಪ’ ಎಂಬ ಮಾತನ್ನು ನಾಲಗೆಯ ಮೇಲೆ ಇಟ್ಟುಕೊಂಡೇ ಬಂದಿದ್ದಳು.

ಪರ್ಸಿ ಅವಳನ್ನು ನೋಡಿದ. “ನೀವೇನಂತೀರಿ, ಸೆನ್ಯೊರಿತಾ?”

ಅವಳು ಗಾಜಿನ ಕೆಳಗೆ ಜೋಡಿಸಿದ್ದ ಮೌಸುಗಳನ್ನು ನೋಡಿದಳು. “ಅಪ್ಪ ಹೇಳಿದ್ದೇ.”

ಪರ್ಸಿಯ ತುಟಿಯ ಒಂದು ಕೊನೆ ಮೇಲಕ್ಕೆ ಹೋಯಿತು. ಎಚ್ ಮಷೀನನ್ನೇ ಪೆಟ್ಟಿಗೆಗೆ ಹಾಕಿ ದಾರ ಕಟ್ಟಿದ.

ಮೇಷ್ಟ್ರು ಆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಇಡೀ ಬಸ್ಸಿಗೆ ಪಾಠ ಮಾಡಿದರು. ಇಳಿಯಬೇಕಾದವರು ಇಳಿಯುವುದನ್ನು ಮರೆತರು. ಡ್ರೈವರಂತೂ ತನ್ನ ಹೆಸರಿಗೂ ಒಂದು ಎಚ್ ಸೇರಿಸಿಕೊಳ್ಳಬಹುದೇ ಎಂದು ಕೇಳಿದ. ಅಷ್ಟಕ್ಕೇ ಮುಗಿಯಲಿಲ್ಲ. ಭಾನುವಾರ ಮಧ್ಯಾಹ್ನ ಬೀದಿಯವರನ್ನೆಲ್ಲ ಮನೆಗೆ ಕರೆದರು. ಲೋಟ ತುಂಬ ನೇರಳೆ ಜೋಳದ ಚಿಚಾ ಕೊಟ್ಟು, ಮೌನ ಕೇಳಿಸುತ್ತೇನೆ ಎಂದರು.

ಎರ್ಮಿನಿಯ ಗುಂಡಿ ಒತ್ತಿದಳು. ಪರದೆ ಬೆಳಗಿತು. ಜನ ಉಸಿರು ಬಿಗಿಹಿಡಿದರು.

“ಏನಾದ್ರೂ ಕೇಳಿಸ್ತಾ?”

“ಇಲ್ಲ.”

“ಅದೇ ಎಚ್!”

ಚಪ್ಪಾಳೆ ಬಿತ್ತು. ಬೀದಿಮೂಲೆಯಲ್ಲಿ ಕೆಂಡದ ಮೇಲೆ ಮಾಂಸದ ಕಡ್ಡಿ ಸುಟ್ಟು ಮಾರುವ ದೋನ್ಯಾ ಸೆನೋಬಿಯಾ ಮಾತ್ರ ತಟ್ಟಲಿಲ್ಲ. “ಸುಮ್ನೆ ಕೂತಿದ್ರೆ ನನ್ನ ಗಂಡನೂ ಮೂಕನೇ ಮೇಷ್ಟ್ರೇ. ಕೆಲಸ ಹೇಳಿ ನೋಡಿ, ಆಗ ಗೊತ್ತಾಗುತ್ತೆ. ಎರ್ಮಿ, ನಿನ್ನ ಆಟ ಹಾಕೇ ತಾಯಿ.”

“ಬೇಡ ಬಿಡಿ ಅತ್ತೆ,” ಎಂದಳು ಎರ್ಮಿನಿಯ.

“ಹಾಕು ಮಗಳೇ,” ಎಂದರು ಮೇಷ್ಟ್ರು. “ಇವಳ ಬಾಯಿ ಮುಚ್ಚಿಸು.”

ಫೆಬ್ರವರಿಯ ನಡುಬೇಸಿಗೆಯ ಸೆಕೆ, ಮೇಲೆ ತಗಡಿನ ಮಾಡು. ಆಟ ತೆರೆದುಕೊಂಡದ್ದೇ ತಡ, ಕಾಯಾವೊ ವಿಮಾನ ನಿಲ್ದಾಣದಲ್ಲಿ ಇಳಿಯಬೇಕಿದ್ದ ವಿಮಾನವೊಂದು ದಾರಿ ತಪ್ಪಿ ಮೇಷ್ಟ್ರ ಮೇಜಿನ ಮೇಲೆ ಇಳಿಯಿತು. ಮಳೆಯ ಮುಖವನ್ನೇ ಕಾಣದ ನಮ್ಮ ಊರಿನಲ್ಲಿ, ಆಚೆ ಬೀದಿಯ ಹೆಂಗಸರು ಬಿರುಗಾಳಿಯೆಂದು ಒಣಹಾಕಿದ ಬಟ್ಟೆಗಳನ್ನು ಒಳಗೆ ತಂದರು.

“ಮೇಷ್ಟ್ರೇ, ಮೂಕಿಗೆ ಮಾತು ಬಂತು!” ಎಂದಳು ಸೆನೋಬಿಯಾ.

“ಮಾತಲ್ಲ ಕಣೇ, ಭಾಷಣ!” ಎಂದರು ಇನ್ನಾರೋ.

ನಗು ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಒಂದು ಕಾಲದಲ್ಲಿ ಕಿವಿ ಹಿಂಡಿಸಿಕೊಂಡವರೆಲ್ಲ ಅಂದಿನ ಬಾಕಿಯನ್ನೂ ಸೇರಿಸಿ ನಕ್ಕರು. ಮೇಷ್ಟ್ರ ಎರಡೂ ಕಿವಿ ಕೆಂಪಾಗಿದ್ದವು. ಕೈಯಲ್ಲಿದ್ದ ಚಿಚಾ ಅಂಗಿಯ ಮೇಲೆ ಚೆಲ್ಲಿದ್ದು ಅವರಿಗೆ ತಿಳಿಯಲಿಲ್ಲ.

“ತಪ್ಪು ನನ್ನದೇ,” ಎಂದರು. “ಅಂಗಡಿಯವನು ಹೇಳೋಕೆ ಬಂದ, ನಾನೇ ಬಿಡಲಿಲ್ಲ. ಅವಳಿಗೇನೂ ಅನ್ನಬೇಡಿ. ಪಾಪ, ಅಪ್ಪನ ಮಾತು ಮೀರಬಾರದು ಅಂತ ಸುಮ್ಮನಿದ್ದಳು.”

ಎರ್ಮಿನಿಯ ಆಟ ಮುಚ್ಚಿದಳು. ಸದ್ದು ಮೆಲ್ಲಗೆ ಇಳಿಯಿತು. ಅವಳು ಹೇಳಬಹುದಾಗಿದ್ದ ಮಾತಿಗೆ ಕೋಣೆಯಲ್ಲಿ ಬೇಕಾದಷ್ಟು ಜಾಗವಿತ್ತು. ಅವಳು ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಸೋಮವಾರ ಬೆಳಗ್ಗೆ ಆಟವಿಲ್ಲದೆಯೂ, ಬರಿ ಸೆಕೆಗೇ, ಫ್ಯಾನು ಬುಸುಗುಟ್ಟಿತು. ಹೋಟೆಲಿನ ಮೇಲ್ವಿಚಾರಕಿ ಸಂದೇಶ ಕಳಿಸಿದಳು: ಹಿಂದೆ ಏನದು ಸದ್ದು, ಇನ್ನೊಮ್ಮೆ ಕೇಳಿದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ. ಮಧ್ಯಾಹ್ನದ ಬಿಡುವಿನಲ್ಲಿ ಮೇಷ್ಟ್ರು ಲ್ಯಾಪ್‌ಟಾಪನ್ನು ಪೆಟ್ಟಿಗೆಗೆ ಹಾಕಿ ವಿಲ್ಸನ್ ಬೀದಿಗೆ ಹೊತ್ತು ಹೋದರು. ಸಂಜೆಯ ಪಾಳಿಗೆ ಮುಂಚೆ ಅದೇ ಪೆಟ್ಟಿಗೆಯೊಂದಿಗೆ ಬೆವರುತ್ತ ಬಂದರು.

“ತೆರೆದದ್ದನ್ನ ವಾಪಸು ತಗೊಳ್ಳಲ್ವಂತೆ.”

“ಪರ್ಸಿ ಬೇರೆ ಏನಾದ್ರೂ ಹೇಳಿದ್ನೇನಪ್ಪಾ?”

ಮೇಷ್ಟ್ರು ಪೆಟ್ಟಿಗೆಯ ದಾರ ಬಿಚ್ಚುತ್ತಿದ್ದರು. ಗಂಟು ಬಿಗಿಯಾಗಿತ್ತೆಂದು ಕಾಣುತ್ತದೆ, ಬಹಳ ಹೊತ್ತು ಹಿಡಿಯಿತು. “ಬಾಯಿಬಡುಕ ಅವನು,” ಎಂದರು. “ಏನೇನೋ ಹೇಳ್ತಾನೆ.”

ಅವರು ಕಪಾಟಿನಿಂದ ನಿಘಂಟಿನ ಎರಡು ಸಂಪುಟ ತೆಗೆದು, ಗಾಳಿಯಾಡುವಂತೆ ಲ್ಯಾಪ್‌ಟಾಪಿನ ಅಡಿಗೆ ಇಟ್ಟರು. ಆಮೇಲೆ ಹೊರಗೆ ಹೋದರು. ಬೀದಿಮೂಲೆಯಲ್ಲಿ ಸೆನೋಬಿಯಾಳ ನಗು ಒಮ್ಮೆ ಎದ್ದು ಥಟ್ಟನೆ ನಿಂತಿತು. ಮೇಷ್ಟ್ರು ಬಂದಾಗ ಕೈಯಲ್ಲಿ ಅವಳು ಕೆಂಡ ಊದುವ ಹುಲ್ಲಿನ ಬೀಸಣಿಗೆ ಇತ್ತು, ಅಂಚು ಸುಟ್ಟು ಕಪ್ಪಾದದ್ದು. ಗಿಡ್ಡ ಮಣೆ ಎಳೆದುಕೊಂಡು ಮೇಜಿನ ಪಕ್ಕ ಕೂತು ಬೀಸತೊಡಗಿದರು. ತುಸು ಹೊತ್ತಿಗೆ ಮಷೀನಿನ ಬುಸುಬುಸು ಸದ್ದು ಇಳಿಯಿತು.

ಕರೆಗಳು ಬಂದವು. ಬಿಸಿನೀರು ಇದೆಯೇ ಎಂದು ಒಬ್ಬರು, ಕಿಟಕಿಯಿಂದ ಬೆಟ್ಟ ಕಾಣುವುದೇ ಎಂದು ಇನ್ನೊಬ್ಬರು. ಹಿಂದೆ ಏನು ಸದ್ದು ಎಂದು ಯಾರೂ ಕೇಳಲಿಲ್ಲ. ಕರೆಗಳ ನಡುವೆ ಎರ್ಮಿನಿಯ ಮೈಕು ಮುಚ್ಚುವ ಗುಂಡಿ ಒತ್ತಿದಳು.

“ಅಪ್ಪಾ, ಅವತ್ತು ಅಂಗಡೀಲಿ, ನನಗೆ...”

ಮೇಷ್ಟ್ರು ಬೀಸುವುದನ್ನು ನಿಲ್ಲಿಸದೆ, ಶ್ ಎನ್ನುವಂತೆ ಹಲ್ಲಿಲ್ಲದ ಸಂದಿಯ ಮೇಲೆ ಬೆರಳಿಟ್ಟರು. ಆ ಬೆರಳಲ್ಲೇ ಪರದೆ ತೋರಿಸಿದರು. ಹೊಸ ಕರೆ ಮಿನುಗುತ್ತಿತ್ತು.

ಅವಳು ಗುಂಡಿ ಬಿಟ್ಟು, “ಓಲಾ,” ಎಂದಳು. ನಮ್ಮ ಈ ನಮಸ್ಕಾರಕ್ಕೂ, ಬರೆದರೆ, ಮುಂದೊಂದು ಎಚ್ ಇದೆ. ಬೀಸಣಿಗೆಯ ಗಾಳಿ ಅವಳ ಕೆನ್ನೆಗೂ ತಾಗುತ್ತಿತ್ತು. ಅದರ ಅಂಚಿನಿಂದ ಬೂದಿಯ ಚೂರೊಂದು ಎದ್ದು, ಸದ್ದಿಲ್ಲದೆ ಬಂದು ಕೀಲಿಗಳ ಮೇಲೆ ಕೂತಿತು.