ಮರಳಿನ ಕೂದಲು

ಬೆಳಿಗ್ಗೆ ಬಂದು ಕುರ್ಚಿ ಹತ್ತಿ ಕೂತು ಕಾಲು ಚಾಚಿದರೆ ಮಣೆ ಸಿಗಲಿಲ್ಲ. ಕೂದಲಕ್ಕ ಬಗ್ಗಿ ಮೇಜಿನ ಕೆಳಗೆ ನೋಡಿದಳು. ಮಣೆ ಇದ್ದ ಕಡೆ ನೆಲ ಬೆಳ್ಳಗೆ ಚೌಕವಾಗಿ ಕಾಣುತ್ತಿತ್ತು, ಅಷ್ಟೇ. ಗಡಿಯಾರದ ಕೆಲಸದ ಮೇಜು ಎದೆಮಟ್ಟಕ್ಕಿರುತ್ತದೆ, ಅದಕ್ಕೆ ತಕ್ಕಂತೆ ಕುರ್ಚಿಯೂ ಎತ್ತರ. ಆಕೆಯೋ ಕುಳ್ಳಿ. ಮಣೆ ಇಲ್ಲದೆ ಎರಡೂ ಪಾದ ಗಾಳಿಯಲ್ಲಿ ತೂಗಾಡಿದವು. ಮೊದಲ ದಿನ ಶಾಲೆಗೆ ಬಂದ ಮಗುವಿನ ಹಾಗೆ ಕಾಲಾಡಿಸುತ್ತ ಕೂತು ಸುತ್ತ ನೋಡಿದಳು. ಅಕ್ಕಪಕ್ಕದವರೆಲ್ಲ ಇದ್ದಕ್ಕಿದ್ದಂತೆ ಕಣ್ಣಿಗೆ ಭೂತಗನ್ನಡಿ ಏರಿಸಿಕೊಂಡು ಭಾರಿ ಕೆಲಸವಂತರಾಗಿಬಿಟ್ಟರು.

"ನನ್ನ ಮಣೆ ಯಾರು ತಗೊಂಡ್ರು?"

"ಬಡಗಿಗಳು ಬಂದಿದ್ರು ಕಣಕ್ಕಾ," ಎಂದ ಪಕ್ಕದ ಮೇಜಿನ ಎಣ್ಣೆಯಣ್ಣ. ಗಡಿಯಾರದ ಹಲ್ಲುಗಳಿಗೆ ಸೂಜಿಮೊನೆಯಲ್ಲಿ ಎಣ್ಣೆ ಮುಟ್ಟಿಸುವುದೇ ಅವನ ಜನ್ಮದ ಕೆಲಸ. "ಕೆಳಗೆ ಬಾಗಿಲ ಹತ್ರ ಗಾಜಿನ ಕೋಣೆ ಕಟ್ತಿದಾರಲ್ಲ, ಅಲ್ಲಿಗೆ ಒಯ್ದ್ರು. ನೆಲಕ್ಕೆ ಮೊಳೆ ಹೊಡೆದೂ ಆಯ್ತಂತೆ. ನಿಂಗೆ ಹೇಳಿಲ್ವಾ?"

ಹೇಳುವವರು ಆಗಲೇ ಬಂದರು. ಮ್ಯಾನೇಜರ್ ಒಳ್ಳೆಯವರೇ. ಒಳ್ಳೆಯವರು ಕೆಟ್ಟ ಸುದ್ದಿಯನ್ನು ಬಹುಮಾನದ ಹಾಗೆ ಕೊಡುತ್ತಾರೆ, ಅದೊಂದೇ ತೊಂದರೆ. ಅವರು ಕೂದಲಕ್ಕನ ಮೇಜಿನ ಮೇಲೆ ಎರಡೂ ಕೈ ಊರಿ ನಕ್ಕರು.

"ನಿಮಗೆ ಸನ್ಮಾನ ಇದು. ಶನಿವಾರ ಉದ್ಘಾಟನೆ. ಗಾಜಿನ ಕೋಣೇಲಿ ನೀವು ಕೂತು ಕೂದಲು ತಿದ್ದೋದನ್ನ ಬಂದ ಜನ ಎಲ್ಲ ಹೊರಗಿಂದ ನೋಡ್ತಾರೆ. ಹೊರಗಡೆ ನಿಮ್ಮ ಫೋಟೋ, ಕೆಳಗೆ ದೊಡ್ಡಕ್ಷರದಲ್ಲಿ 'ಕೈಕಸುಬಿನ ಕೊನೆಯ ಕೊಂಡಿ' ಅಂತ. ಸಂಬಳ ಇದೇ, ದಿನಕ್ಕಿಷ್ಟು ಮಾಡಬೇಕು ಅನ್ನೋ ತಲೆನೋವಿಲ್ಲ."

"ಅಲ್ಲಿ ತಿದ್ದಿದ ಕೂದಲು ಯಾವ ಗಡಿಯಾರಕ್ಕೆ ಹಾಕ್ತೀರಿ?"

ಮ್ಯಾನೇಜರಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಗಡಿಯಾರಕ್ಕಾ? ಯಾವುದಕ್ಕೂ ಇಲ್ಲ. ತೋರಿಸೋಕೆ ಅಷ್ಟೇ ಅಲ್ವಾ?"

ಕೂದಲಕ್ಕನ ಕಿವಿ ಬಿಸಿಯಾಯಿತು. ತಿದ್ದುವುದು, ಮತ್ತೆ ಕೆಡಿಸುವುದು, ಮತ್ತೆ ತಿದ್ದುವುದು. ಗಾಜಿನ ತೊಟ್ಟಿಯ ಮೀನಾದರೂ ತನ್ನ ಹೊಟ್ಟೆಗಾಗಿ ಬಾಯಿ ತೆರೆಯುತ್ತದೆ.

ಆಕೆಗೆ ಆ ಹೆಸರು ಬಂದದ್ದು ಕೆಲಸದಿಂದ. ಕೀಲಿಯಿಂದ ಓಡುವ ಪ್ರತಿ ಕೈಗಡಿಯಾರದ ಒಳಗೂ ಅತ್ತಿತ್ತ ತೂಗುವ ಒಂದು ಪುಟ್ಟ ಚಕ್ರ, ಅದನ್ನು ಪ್ರತಿ ಸಲ ಹೊರಟ ಜಾಗಕ್ಕೆ ಎಳೆದು ತರಲು ಸುರುಳಿ ಸುತ್ತಿದ ಒಂದು ಸ್ಪ್ರಿಂಗು ಇರುತ್ತವೆ. ತಲೆಗೂದಲಿಗಿಂತ ತೆಳುವಾದ ಆ ಸುರುಳಿಗೆ ಆ ಕೋಣೆಯಲ್ಲಿ ಕೂದಲು ಎಂದೇ ಹೆಸರು. ಲೋಹದ ಕೂದಲು ಹುಟ್ಟಾ ಸೊಟ್ಟ. ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು. ಅದನ್ನು ಚಿಮಟದ ತುದಿಯಿಂದ ಒಂದಿಷ್ಟು ತಳ್ಳಿ, ಒಂದಿಷ್ಟು ಒತ್ತಿ ದಾರಿಗೆ ತರಬೇಕು. ಇದಕ್ಕೆ ಅವರೆಲ್ಲ 'ಬುದ್ಧಿ ಹೇಳೋದು' ಎನ್ನುತ್ತಿದ್ದರು. ಕೂದಲಿಗೆ ಬುದ್ಧಿ ಹೇಳುವುದನ್ನು ಆಕೆಗೆ ಕಲಿಸಿದವಳು ಸೋದರತ್ತೆ. ಕಲಿತ ಮೇಲೆ ಆಕೆ ಕೂದಲಿಗೊಂದೇ ಅಲ್ಲ, ಗಂಡನಿಗೆ, ನೆರೆಯವರಿಗೆ, ಬಸ್ಸಿನ ಕಂಡಕ್ಟರನಿಗೆ, ತರಕಾರಿ ತೂಗುವವನಿಗೆ, ಕಂಡಕಂಡವರಿಗೆಲ್ಲ ಬುದ್ಧಿ ಹೇಳಿಕೊಂಡೇ ಬಂದವಳು.

ಈಗ ಬುದ್ಧಿ ಬೇಡದ ಕೂದಲು ಬಂದಿತ್ತು. ಸಿಲಿಕಾನ್. ಕನ್ನಡಿಯಂತೆ ಹೊಳೆಯುವ ತೆಳು ಬಿಲ್ಲೆಯೊಂದರಿಂದ ಆ ಸುರುಳಿಗಳನ್ನು ಕೊರೆದು ತೆಗೆಯುತ್ತಿದ್ದರು. ಬಿಲ್ಲೆ ತುಂಬ ಸುರುಳಿಗಳು, ಒಂದಕ್ಕೊಂದು ಎಳ್ಳಷ್ಟೂ ಬೇರೆಯಿಲ್ಲ. ತುಕ್ಕಿಲ್ಲ, ಸೆಖೆಗೆ ಹಿಗ್ಗುವುದಿಲ್ಲ, ಚಳಿಗೆ ಮುದುಡುವುದಿಲ್ಲ. ಹಲ್ಲುಗಳನ್ನೂ ಅದರಲ್ಲೇ ಮಾಡಿದರೆ ಎಣ್ಣೆಯೂ ಬೇಡ. ಇದನ್ನು ಕೇಳಿದ ದಿನವೇ ಎಣ್ಣೆಯಣ್ಣ ನಿವೃತ್ತಿಗೆ ಬರೆದುಕೊಟ್ಟು, ಮೊಮ್ಮಗಳ ಸೈಕಲ್ಲಿನ ಸರಪಳಿಗೆ ಎಣ್ಣೆ ಬಿಡುತ್ತೇನೆಂದು ಹಾಯಾಗಿ ಶಿಳ್ಳೆ ಹೊಡೆಯುತ್ತಿದ್ದ. ಇದನ್ನೆಲ್ಲ ತಂದ ಎಂಜಿನಿಯರ್ ಹುಡುಗಿಗೆ, ಸಿಲಿಕಾನ್ ಹುಟ್ಟುವುದು ಮರಳಿನಿಂದ ಎಂದು ಗೊತ್ತಾದ ಮೇಲೆ, ಮರಳಮ್ಮ ಎಂದು ಹೆಸರಿಟ್ಟವನೂ ಅವನೇ. "ಜನ ಮರುಳೋ ಜಾತ್ರೆ ಮರುಳೋ ಅಂತಿದ್ರು, ಈಗ ಜನಕ್ಕೆ ಮರಳಿನ ಮರುಳು," ಎಂದು ದಿನಕ್ಕೊಮ್ಮೆ ಹೇಳಿ ತಾನೇ ನಗುತ್ತಿದ್ದ.

ಮರಳಮ್ಮ ಬಂದ ಹೊಸತರಲ್ಲಿ ಎಲ್ಲರೆದುರು ಎರಡು ಗಡಿಯಾರಗಳನ್ನಿಟ್ಟು ಪಕ್ಕದಲ್ಲಿ ಅಯಸ್ಕಾಂತ ಇಟ್ಟಿದ್ದಳು. ಲೋಹದ ಕೂದಲಿನದು ತಲೆಕೆಟ್ಟಂತೆ ಓಡತೊಡಗಿತು. ಅದಕ್ಕೆ ಬುದ್ಧಿ ಹೇಳಿದ್ದವಳು ಕೂದಲಕ್ಕನೇ. ಮರಳಿನದು ಅತ್ತ ತಿರುಗಿಯೂ ನೋಡದೆ ತನ್ನ ಪಾಡಿಗೆ ನಡೆಯಿತು. ಗಡಿಯಾರದ ನಡೆಯನ್ನು ಗೆರೆಯಾಗಿ ತೋರಿಸುವ ಪರೀಕ್ಷೆ ಯಂತ್ರದ ಪರದೆಯ ಮೇಲೆ ಅದರ ಗೆರೆ ಅಡಿಕೋಲು ಇಟ್ಟು ಎಳೆದಂತಿತ್ತು. ಕೂದಲಕ್ಕನಿಗೆ ಅಂದು ಹೊಟ್ಟೆಕಿಚ್ಚಾಯಿತು, ಒಳ್ಳೆಯ ಹೊಟ್ಟೆಕಿಚ್ಚು. ಇಷ್ಟು ನೇರ ಗೆರೆಯನ್ನು ತಾನು ಎಂದೂ ಎಳೆಸಿರಲಿಲ್ಲ ಎಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಎಳೆಸುವ ಕೈ ತನ್ನದಾಗಬೇಕು ಎಂಬ ಆಸೆ ಅಂದಿನಿಂದಲೇ ಒಳಗೆ ಕೂತಿತ್ತು.

"ನಾನು ಗಾಜಿನ ಕೋಣೆಗೆ ಬರಲ್ಲ ಅಂದ್ರೆ?"

"ಇಲ್ಲಿ ಮೇಲೆ ನಿಮಗೆ ಕೆಲಸ ಇರಲ್ವಲ್ಲ," ಎಂದರು ಮ್ಯಾನೇಜರ್, ನಿಜವಾಗಿ ನೊಂದುಕೊಂಡೇ. "ಲೋಹದ ಕೂದಲು ಈ ತಿಂಗಳಿಗೆ ಮುಗೀತು."

"ಹಂಗಾದ್ರೆ ನನಗೂ ಮರಳು ಕೊಡಿ."

ಮ್ಯಾನೇಜರ್ ಮರಳಮ್ಮನನ್ನು ನೋಡಿದರು. ಹುಡುಗಿ ಕಿಟಕಿಯ ಬಳಿಯಿಂದ ಹತ್ತಿರ ಬಂದಳು. "ಅಕ್ಕಾ, ಬೇಜಾರು ಮಾಡ್ಕೋಬೇಡಿ. ಹಳಬರು ಯಾರು ಮುಟ್ಟಿದ್ರೂ ಒಡೆದು ಹೋಗಿದೆ. ಲೋಹ ಬಗ್ಗತ್ತೆ, ಇದು ಬಗ್ಗಲ್ಲ. ತಾನಾಗಿ ಕುಣಿಯತ್ತೆ, ಬಗ್ಗಿಸೋಕೆ ಹೋದ್ರೆ ಪುಡಿ ಆಗತ್ತೆ. ಹಳೇ ಕೈ ಸುಮ್ನಿರಲ್ಲ."

"ಒಂದು ಕೂರಿಸಿ ಯಂತ್ರದಲ್ಲಿ ಪಾಸ್ ಮಾಡಿಸಿದ್ರೆ?"

"ಶನಿವಾರ ಉದ್ಘಾಟನೆ ಆಗೋದ್ರೊಳಗೆ ಮಾಡಿಸಿ," ಎಂದರು ಮ್ಯಾನೇಜರ್, ಈ ಮಾತು ಇಲ್ಲಿಗೆ ಮುಗಿಯಲಿ ಎಂಬಂತೆ. "ಈ ಕಿಟಕಿ ಪಕ್ಕದ ಜಾಗ ನಿಮ್ದೇ. ಆಗದಿದ್ರೆ ನಗ್ತಾ ಕೆಳಗೆ ಬರಬೇಕು, ಮತ್ತೆ."

ಮರಳಮ್ಮ ಕಲಿಸತೊಡಗಿದಳು. ಸುರುಳಿಯ ಹೊರತುದಿಯಲ್ಲಿ ಹಿಡಿಯಲೆಂದೇ ಒಂದು ಅಗಲವಾದ ಚೂರು ಬಿಟ್ಟಿದ್ದರು. ಚಿಮಟ ಅಲ್ಲಿಗೆ ಮಾತ್ರ ತಾಗಬೇಕು. "ಇದು ಕಿವಿ ಇದ್ದಂಗೆ ಅಕ್ಕಾ. ಇಲ್ಲಿ ಹಿಡೀಬಹುದು. ಗಡಿಯಾರ ಸ್ವಲ್ಪ ಹಿಂದೆಮುಂದೆ ಆದ್ರೆ ಚಕ್ರದ ಅಂಚಲ್ಲಿ ತಿರುಪು ಇವೆ, ಅವನ್ನ ತಿರುಗಿಸಿ. ಕೂದಲಿನ ತಂಟೆಗೆ ಮಾತ್ರ ಹೋಗ್ಬೇಡಿ."

"ಕಿವಿ ಹಿಡೀಬಹುದು, ಬುದ್ಧಿ ಹೇಳಬಾರದು. ಇದ್ಯಾವ ಸೀಮೆ ಮೇಷ್ಟ್ರಗಿರಿ?" ಎಂದು ಕೂದಲಕ್ಕ ಗೊಣಗಿದಳು. ಆದರೆ ಕಿವಿ ಹಿಡಿದಳು. ಮಧ್ಯಾಹ್ನದ ಬೆಳಕಿನಲ್ಲಿ ಸುರುಳಿ ನೇರಳೆ ಬಣ್ಣಕ್ಕೆ ಮಿನುಗಿತು. ಉಸಿರು ಬಿಟ್ಟರೆ ಹಾರಿಹೋಗುವಷ್ಟು ಹಗುರ. ಚಕ್ರದ ಅಚ್ಚಿಗೆ ಕೂರಿಸಿ, ಚಕ್ರವನ್ನು ಗಡಿಯಾರಕ್ಕೆ ಇಳಿಸಿ, ಯಂತ್ರದ ಮೇಲಿಟ್ಟಾಗ ಪರದೆಯಲ್ಲಿ ಗೆರೆ ನೇರವಾಗಿ ಹೊರಟಿತು. ಮರಳಮ್ಮ ಚಪ್ಪಾಳೆ ತಟ್ಟಲು ಕೈಯೆತ್ತಿದಳು.

ಕೂದಲಕ್ಕ ಗಡಿಯಾರವನ್ನು ಯಂತ್ರದಿಂದ ತೆಗೆದು ಮುಂದಿಟ್ಟುಕೊಂಡು, ಚಿಮಟ ತಿರುಗಿಸಿ ಕೂದಲನ್ನೊಮ್ಮೆ ತಟ್ಟಿದಳು.

ಸದ್ದು ಕೂಡ ಆಗಲಿಲ್ಲ. ಸುರುಳಿ ಇದ್ದ ಕಡೆ ಒಂದಿಷ್ಟು ಹೊಳೆಯುವ ಪುಡಿ ಇತ್ತು.

"ಸರಿ ಇತ್ತಲ್ಲಕ್ಕಾ! ಯಾಕೆ ಮುಟ್ಟಿದ್ರಿ?"

"ಸರಿ ಇತ್ತು ಅಂತಾನೇ ಮುಟ್ಟಿದೆ," ಎಂದಳು ಕೂದಲಕ್ಕ, ತನ್ನ ಕೈಯನ್ನೇ ನೋಡುತ್ತ. ಅದು ತನ್ನನ್ನು ಕೇಳದೆ ಹೋಗಿತ್ತು. ಲೋಹದ ಕೂದಲು ಎಷ್ಟೇ ಸರಿಯಾದರೂ ಮರುದಿನಕ್ಕೆ ಚೂರು ಹಿಂದಕ್ಕೆ ಜಾರುತ್ತದೆ. ಅದಕ್ಕೇ ಸರಿಯಾದ ಮೇಲೂ ಇನ್ನೊಂದು ತಟ್ಟು ತಟ್ಟಿ, ಕೊಂಚ ಆಚೆಗೆ ದಾಟಿಸಿ ಬಿಡಬೇಕು. ಸೋದರತ್ತೆ ಅದನ್ನು 'ಕೊನೇ ಮಾತು' ಎನ್ನುತ್ತಿದ್ದಳು. ಮಕ್ಕಳನ್ನು ಹೊರಗೆ ಕಳಿಸುವಾಗ ಹೊಸ್ತಿಲ ಮೇಲೆ ನಿಂತು ಇನ್ನೊಮ್ಮೆ ಹೇಳುವ ಮಾತಿನ ಹಾಗೆ. ಹಳಬರ ಕೈಯಲ್ಲಿ ಮರಳು ಒಡೆದದ್ದೆಲ್ಲ ಈ ಕೊನೇ ಮಾತಿನಿಂದಲೇ. ಅದು ಯಾರಿಗೂ ಹೊಳೆದಿರಲಿಲ್ಲ, ಯಾಕೆಂದರೆ ತಟ್ಟಿದವರಿಗೆ ತಾವು ತಟ್ಟಿದ್ದೇ ಗೊತ್ತಿರಲಿಲ್ಲ.

ಗೊತ್ತಾದರೇನು, ಕೈಗೆ ಗೊತ್ತಾಗಬೇಕಲ್ಲ. ಮರುದಿನ ಇನ್ನೊಂದು ಒಡೆಯಿತು. ಅದರ ಮರುದಿನ ಮತ್ತೊಂದು. ಮರಳಮ್ಮನ ಮುಖ ಸಣ್ಣದಾಗುತ್ತ ಬಂತು. ಕೆಳಗೆ ಗಾಜು ಒರೆಸುವ ಸದ್ದು ಮೆಟ್ಟಿಲು ಹತ್ತಿ ಬರುತ್ತಿತ್ತು. ಮಣೆಯಿಲ್ಲದ ಕಾಲುಗಳು ಸಂಜೆಗೆ ಬಾತುಕೊಳ್ಳುತ್ತಿದ್ದವು.

ಶುಕ್ರವಾರ ಆಕೆ ಮನೆಗೆ ಬಂದಾಗ ಯಜಮಾನರು ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಒಂದು ಕಾಲಕ್ಕೆ ಬಸ್ಸು ಓಡಿಸುತ್ತಿದ್ದ ಮನುಷ್ಯ, ಈಗ ಮನೆ ಓಡಿಸುತ್ತಾರೆ. ಹಾಸಿಗೆಯ ದುಪ್ಪಟಿಯನ್ನು ಮೂಲೆಗೆ ಮೂಲೆ ಸೇರಿಸದೆ ಹೇಗೋ ಸುತ್ತಿ ಮಡಚುತ್ತಿದ್ದರು.

"ಹಾಗಲ್ಲ, ಮೊದಲು ಉದ್ದಕ್ಕೆ..."

"ಶುರುವಾಯ್ತು," ಎಂದರು ಯಜಮಾನರು. "ನಾನೇನೋ ಲೋಹ ಕಣೆ, ನೀನು ಬುದ್ಧಿ ಹೇಳಿ ಹೇಳಿ ಬಗ್ಗಿದೀನಿ. ಆ ಮರಳಿಗೆ ಯಾವ ಕರ್ಮ? ಸುಮ್ನೆ ಗಾಜಿನ ಕೋಣೇಲಿ ಕೂತ್ಕೋ. ಆರಾಮ ಇರ್ತೀಯ, ನಾನೂ ಬಂದು ಹೊರಗಿಂದ ಕೈ ಬೀಸ್ತೀನಿ."

"ಸತ್ತ ಮೇಲೆ ಹಾಕ್ಲಿ ನನ್ನ ಫೋಟೋನ," ಎಂದಳು ಆಕೆ. "ನನಗೆ ಇನ್ನೂ ಕೆಲಸ ಬೇಕು ಕಣ್ರೀ. ಕೆಲಸ ಮಾಡಿದ ಹಾಗೆ ನಾಟಕ ಆಡೋಕೆ ನನ್ನ ಕೈಲಾಗಲ್ಲ. ನಾನು ಮಾಡಿದ್ದು ಯಾರದೋ ಕೈ ಮೇಲೆ ಓಡ್ಬೇಕು."

ಯಜಮಾನರು ಮಡಚಿದ ದುಪ್ಪಟಿಯನ್ನು ಮತ್ತೆ ಕೊಡವಿ ಬಿಚ್ಚಿದರು. "ಹಂಗಾದ್ರೆ ಇಲ್ಲಿ ಕೂತ್ಕೋ. ಇರೋ ಬಟ್ಟೇನೆಲ್ಲ ನನಗೆ ಬಂದ ಹಾಗೆ ಮಡಚ್ತೀನಿ. ನೀನು ಬಾಯಿ ಬಿಡಬಾರದು, ಕೈ ಚಾಚಬಾರದು."

ಕೂದಲಕ್ಕ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತಳು. ಅವರು ಅಂಗಿಯ ಒಂದು ತೋಳನ್ನು ಒಳಗೆ ಮಡಚಿ ಇನ್ನೊಂದನ್ನು ಹೊರಗೆ ಬಿಟ್ಟರು. ಆಕೆಯ ಸೀರೆಯನ್ನು ಉಂಡೆ ಮಾಡಿದರು. ಅದೂ ಬೇಕೆಂದೇ, ಒಂದು ಕಣ್ಣು ಆಕೆಯ ಮೇಲಿಟ್ಟು. ಆಕೆಯ ಬೆರಳುಗಳು ಕುಣಿದವು. ಕೊನೆಗೆ ತಡೆಯಲಾಗದೆ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ತೂರಿಸಿ ಅವುಗಳ ಮೇಲೆ ಕೂತುಬಿಟ್ಟಳು. ಬುಟ್ಟಿ ಖಾಲಿಯಾಗುವವರೆಗೂ ಹಾಗೇ ಕೂತಿದ್ದಳು. ಆ ರಾಶಿಯನ್ನು ಮತ್ತೆ ಮಡಚುವ ಹೊತ್ತಿಗೆ ದೀಪ ಹಚ್ಚಬೇಕಾಯಿತು, ಇಬ್ಬರೂ ನಕ್ಕು ನಕ್ಕು ಸುಸ್ತಾದರು.

ಶನಿವಾರ ಕೆಳಗೆ ಕಾರುಗಳು ಬಂದು ನಿಲ್ಲುವುದು ಕಿಟಕಿಯಿಂದ ಕಾಣುತ್ತಿತ್ತು. ಕೂದಲಕ್ಕ ಅತ್ತ ನೋಡಲಿಲ್ಲ. ಕಿವಿ ಹಿಡಿದು ಸುರುಳಿಯನ್ನೆತ್ತಿದಳು. ಅಚ್ಚಿಗೆ ಕೂರಿಸಿದಳು. ಚಕ್ರ ತೂಗತೊಡಗಿತು. ಗಡಿಯಾರವನ್ನು ಯಂತ್ರದಲ್ಲಿ ಮುಖ ಮೇಲಾಗಿಟ್ಟಾಗ ಗೆರೆ ನೇರ, ಪಕ್ಕಕ್ಕೆ ವಾಲಿಸಿದಾಗ ಕೊಂಚ ಇಳಿಜಾರು. ಚಕ್ರ ನಿಲ್ಲಿಸಿ ಅಂಚಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದಳು. ಇನ್ನೊಮ್ಮೆ ಇಟ್ಟಳು. ಗೆರೆ ನೇರವಾಯಿತು.

ಪೂರ್ತಿ ನೇರವಾಯಿತು. ಇಂಥ ಗೆರೆ ತನ್ನ ಕೈಯಿಂದ ಹೊರಟಿತಲ್ಲ ಎಂಬ ಸಂತೋಷಕ್ಕೆ ಏನು ಮಾಡಬೇಕೆಂದು ತಿಳಿಯದೆ, ಬಲಗೈ ಗಡಿಯಾರವನ್ನು ಮುಂದಕ್ಕೆಳೆದು ಚಿಮಟವನ್ನು ಮೇಲೆತ್ತಿತು.

ಮರಳಮ್ಮ ಕಣ್ಣು ಮುಚ್ಚಿಕೊಂಡಳು.

ಚಿಮಟ ಮೇಜಿನ ಮೇಲೆ ಬಿದ್ದ ಸದ್ದಾಯಿತು. ಹುಡುಗಿ ಕಣ್ಣು ಬಿಟ್ಟಾಗ ಕೂದಲಕ್ಕ ಬಲಗೈಯನ್ನು ತೊಡೆಯ ಕೆಳಗೆ ತೂರಿಸಿ ಅದರ ಮೇಲೆ ಇಡೀ ಮೈಭಾರ ಹಾಕಿ ಕೂತಿದ್ದಳು. ಎಡಗೈ ಅದರ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿತ್ತು. ಗಡಿಯಾರ ನಡೆಯುತ್ತಿತ್ತು.

ಆಗಲೇ ಮ್ಯಾನೇಜರ್ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಕಂಕುಳಲ್ಲಿ ಹೊಸ ಫಲಕ ಇತ್ತು. ಒಳ್ಳೆಯ ಮರ, ಹೊಳಪು ಹಾಕಿದ್ದರು, ನಡುವೆ ಆಕೆಯ ಮುಖ. "ಎಲ್ಲ ಬಂದು ಕಾಯ್ತಿದಾರೆ. ಇದನ್ನ ಒಂದ್ಸಲ ನೋಡಿ, ಆಮೇಲೆ ಹೇಳಿ. ನಿಮ್ಮ ಒಳ್ಳೇದಕ್ಕೇ ನಾನು..."

"ಪಾಸ್ ಆಗಿದೆ ಸಾರ್," ಎಂದಳು ಮರಳಮ್ಮ, ಗಡಿಯಾರವನ್ನು ಮೆಲ್ಲಗೆ ಮತ್ತೆ ಯಂತ್ರದ ಮೇಲಿಟ್ಟು ಪರದೆಯನ್ನು ಅವರತ್ತ ತಿರುಗಿಸುತ್ತ. ಗೆರೆ ಮೊದಲಿನಂತೆಯೇ ನೇರವಾಗಿ ಹೊರಟಿತು.

ಮ್ಯಾನೇಜರ್ ಗೆರೆ ನೋಡಿದರು, ಕಿಟಕಿಯಾಚೆಯ ಕಾರುಗಳನ್ನು ನೋಡಿದರು. "ಆಯ್ತು, ಮಾತು ಮಾತೇ. ಜಾಗ ನಿಮ್ದೇ. ಆದ್ರೆ ಇವತ್ತೊಂದಿನ ಕೆಳಗೆ ಬಂದು ಕೂತು ಹೋಗ್ಬಹುದಲ್ವಾ? ಸ್ವಲ್ಪ ಯೋಚನೆ ಮಾಡಿ, ಇಷ್ಟು ಹಟ ಮಾಡ್ಬಾರ್ದು, ಈ ವಯಸ್ಸಲ್ಲಿ..."

"ಸಾರ್, ಬುದ್ಧಿ ಹೇಳ್ಬೇಡಿ," ಎಂದಳು ಕೂದಲಕ್ಕ. ಕೂಗಲಿಲ್ಲ, ಕುರ್ಚಿಯಿಂದ ಏಳಲೂ ಇಲ್ಲ. "ಲೋಹ ಆಗಿದ್ದಾಗ ಬೇಕಾದಷ್ಟು ಬಗ್ಗಿದೀನಿ. ಈಗ ನಾನು ಮರಳು. ಮುರಿದ್ರೆ ಮುರೀತೀನಿ, ಬಗ್ಗಲ್ಲ."

ಎಣ್ಣೆಯಣ್ಣನ ಶಿಳ್ಳೆ ನಿಂತಿತು. ಮ್ಯಾನೇಜರ್ ಕಂಕುಳಿನ ಫಲಕವನ್ನು ಏನು ಮಾಡುವುದೆಂದು ತೋಚದೆ ನಿಂತರು. ಕೂದಲಕ್ಕ ಎಡಗೈ ಚಾಚಿದಳು. ಅವರು ಕೊಟ್ಟುಬಿಟ್ಟರು.

ಆಕೆ ಫಲಕವನ್ನು ತಿರುವಿ ನೋಡಿ, ಅಂಚನ್ನು ಬೆರಳಿನಿಂದ ಸವರಿದಳು. "ಮರ ಗಟ್ಟಿ ಇದೆ," ಎಂದಳು. ಬಗ್ಗಿ ಅದನ್ನು ಎಡಗೈಯಿಂದಲೇ ಮುಖ ಕೆಳಗಾಗಿ ಮೇಜಿನ ಕಾಲುಗಳ ನಡುವಿನ ಅಡ್ಡಪಟ್ಟಿಗಳ ಮೇಲಿಟ್ಟು, ಅಲ್ಲಾಡದಂತೆ ಒತ್ತಿ, ಎರಡೂ ಪಾದಗಳನ್ನು ಅದರ ಮೇಲೆ ಊರಿದಳು.

ಕೆಳಗೆ ಚಪ್ಪಾಳೆ ಕೇಳಿಸಿತು. ಯಾರೋ ಟೇಪು ಕತ್ತರಿಸಿರಬೇಕು. ಖಾಲಿ ಕುರ್ಚಿಯ ಮುಂದೆ ನೆಲಕ್ಕೆ ಮೊಳೆ ಹೊಡೆದ ಹಳೆಯ ಮಣೆಯನ್ನು ಜನ ಗಾಜಿಗೆ ಮೂಗೊತ್ತಿ ನೋಡುತ್ತಿರಬೇಕು. ಮರಳಮ್ಮ ಮುಂದಿನ ಸುರುಳಿಯನ್ನು ತಂದು ಮೇಜಿನ ಮೇಲಿಟ್ಟಳು. ಕೂದಲಕ್ಕ ಬಲಗೈಯನ್ನು ತೊಡೆಯ ಕೆಳಗಿನಿಂದ ಈಚೆಗೆ ತೆಗೆದಳು. ಅದು ಜೋಮು ಹಿಡಿದಿತ್ತು. ಬೆರಳುಗಳಿಗೆ ರಕ್ತ ಮರಳಿ ಬರುವವರೆಗೆ ಅದನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಬೆಳಕಿನಲ್ಲಿ ಕಾಯುತ್ತ ಕೂತಳು.